ಕ್ಲೌಡಲ್ಲಿ ಬ್ಯಾಕ್‌ಗ್ರೌಂಡ್ ವರ್ಕರ್ ಎಲ್ಲಿ ಓಡಿಸೋದು? ವಿಪಿಎಸ್, ರೆಂಡರ್, ಹೆರೊಕು, ಫ್ಲೈ, ಕ್ಲೌಡ್ ರನ್, ಲ್ಯಾಂಬ್ಡಾ

ಟೆಲಿಗ್ರಾಮ್ ಬಾಟ್ ಬರ್ದಿದೀರ, ಇಲ್ಲಾ ರೆಡಿಸ್ ಕ್ಯೂನಿಂದ (ಕೆಲ್ಸಗಳು ಸಾಲಾಗಿ ಕಾಯೋ ಜಾಗ) ಒಂದೊಂದೇ ಕೆಲ್ಸ ಎತ್ಕೊಂಡು ಪಿಡಿಎಫ್ ಮಾಡೋ, ಪೈಥಾನಿನ ಸೆಲರಿ ವರ್ಕರ್ ಇದೆ, ಇಲ್ಲಾ ದಿನಾ ಬೆಳಿಗ್ಗೆ ಎಪಿಎಂಸಿ ಅಡಿಕೆ ರೇಟ್ ತಂದು ಶೀಟಿಗೆ ಹಾಕೋ ಸ್ಕ್ರಿಪ್ಟ್ ಇದೆ ಅಂದ್ಕೊಳ್ಳಿ. ಹೀಗೆ ತೆರೆ ಹಿಂದೆ ಓಡೋ ಪ್ರೋಗ್ರಾಮಿಗೇ ಬ್ಯಾಕ್‌ಗ್ರೌಂಡ್ ವರ್ಕರ್ ಅನ್ನೋದು. ಲ್ಯಾಪ್‌ಟಾಪಲ್ಲಿ ಎಲ್ಲಾ ಸರಿಯಾಗೇ ಓಡತ್ತೆ, ಅದನ್ನ ಮುಚ್ಚಿದ ತಕ್ಷಣ ನಿಲ್ಲತ್ತೆ. ಸರಿ ಕ್ಲೌಡಿಗೆ ಹಾಕೋಣ ಅಂತ ಹುಡುಕಿದ್ರೆ ಸಿಗೋ ಟ್ಯುಟೋರಿಯಲ್ ಎಲ್ಲಾ ವೆಬ್‌ಸೈಟ್ ಡಿಪ್ಲಾಯ್ ಮಾಡೋದೇ, ಅದನ್ನೇ ನೋಡ್ಕೊಂಡು ಬಾಟನ್ನೂ ವೆಬ್ ಸರ್ವೀಸ್ ಅಂತ ಹಾಕ್ಬಿಡ್ತಾರೆ, ಅಲ್ಲಿಂದ ಶುರು ಆಗತ್ತೆ ತಲೆನೋವು.

ಯಾಕೆ ಅಂದ್ರೆ ವೆಬ್ ಸರ್ವೀಸ್ ಅಂದ್ರೆ ಪ್ಲಾಟ್‌ಫಾರ್ಮಿನ ಲೆಕ್ಕದಲ್ಲಿ ಒಂದು ಪೋರ್ಟ್ (ಹೊರಗಿನ ರಿಕ್ವೆಸ್ಟ್ ಒಳಗೆ ಬರೋ ಬಾಗಿಲು) ತೆಗ್ದು ಕೂತಿರೋ ಪ್ರೋಗ್ರಾಂ. ಹೆರೊಕುನಲ್ಲಿ ವೆಬ್ ಡೈನೊ (ನಿಮ್ಮ ಪ್ರೋಗ್ರಾಂ ಓಡೋ ಅವ್ರ ಪುಟ್ಟ ಡಬ್ಬಿ) 60 ಸೆಕೆಂಡ್ ಒಳಗೆ ಪೋರ್ಟಿಗೆ ಕಟ್ಕೊಳ್ಳಲಿಲ್ಲ ಅಂದ್ರೆ ಆರ್10 ಅನ್ನೋ ಎರರ್ ಕೊಟ್ಟು ಸಾಯ್ಸತ್ತೆ. ಗೂಗಲ್ಲಿನ ಕ್ಲೌಡ್ ರನ್ ಆದ್ರೆ 8080 ಪೋರ್ಟಲ್ಲಿ ಯಾರೂ ಕೇಳ್ತಿಲ್ಲ ಅಂತ ಡಿಪ್ಲಾಯ್‌ನೇ ಫೇಲ್ ಮಾಡತ್ತೆ. ಆಗ ಜನ ಏನ್ಮಾಡ್ತಾರೆ, ಬಾಟ್ ಪಕ್ಕದಲ್ಲಿ ಒಂದು ಸುಳ್ಳು ಫ್ಲಾಸ್ಕ್ ಸರ್ವರ್ ಎಬ್ಬಿಸಿ 'ಓಕೆ' ಅಂತ ಉತ್ತರ ಕೊಡಿಸ್ತಾರೆ, ಪೋರ್ಟ್ ಸಮಸ್ಯೆ ಮುಗೀತು. ಆದ್ರೆ ರೆಂಡರ್‌ನ ಫ್ರೀ ವೆಬ್ ಸರ್ವೀಸ್ 15 ನಿಮಿಷ ಯಾರೂ ಬರ್ಲಿಲ್ಲ ಅಂದ್ರೆ ಮಲಗತ್ತೆ, ಜೊತೆಗೆ ಬಾಟೂ ಮಲಗತ್ತೆ. ದರ್ಶಿನಿ ಕೌಂಟರಲ್ಲಿ ಗಿರಾಕಿ ಇಲ್ಲ ಅಂತ ಒಳಗೆ ಹಿಟ್ಟು ರುಬ್ಬೋದನ್ನೂ ನಿಲ್ಲಿಸ್ದಂಗೆ. ಅದಕ್ಕೆ ಮತ್ತೆ ಹೊರಗಿಂದ ಐದೈದು ನಿಮಿಷಕ್ಕೆ ಪಿಂಗ್ ಮಾಡೋ ಇನ್ನೊಂದು ಸರ್ವೀಸ್ ಇಡೋದು. ಒಂದು ಕಾಲೇಜ್ ಪ್ರಾಜೆಕ್ಟ್ ಡೆಮೋಗೆ ಇದು ಸಾಕು, ಇನ್ನೊಬ್ರು ನಂಬ್ಕೊಂಡಿರೋ ಕೆಲ್ಸಕ್ಕೆ ಬೇಡ.

ಮೊದ್ಲು ಕೇಳ್ಕೋಬೇಕಾದ ಪ್ರಶ್ನೆ

ಯಾವ ಕಂಪನಿ ಚೀಪು ಅನ್ನೋದನ್ನ ಆಮೇಲೆ ನೋಡೋಣ. ನಿಮ್ಮ ಕೋಡ್ ಯಾವಾಗ ಎಚ್ಚರ ಇರ್ಬೇಕು ಅನ್ನೋದು ಮೊದ್ಲು ಗೊತ್ತಾಗ್ಬೇಕು, ಅರ್ಧ ಆಯ್ಕೆ ಅಲ್ಲೇ ಮುಗಿಯತ್ತೆ. ಡಿಸ್ಕಾರ್ಡ್ ಬಾಟ್ ಅವ್ರ ಗೇಟ್‌ವೇಗೆ ವೆಬ್‌ಸಾಕೆಟ್ (ಮುಚ್ಚದೇ ತೆರೆದಿರೋ ಕನೆಕ್ಷನ್) ಹಿಡ್ಕೊಂಡೇ ಇರ್ಬೇಕು, ಟೆಲಿಗ್ರಾಮ್ ಪೋಲಿಂಗ್ ಬಾಟ್ ಸರ್ವರನ್ನ ಕೇಳ್ತಾನೇ ಇರ್ಬೇಕು, ಸೆಲರಿ ಅಥವಾ ರೂಬಿಯ ಸೈಡ್‌ಕಿಕ್ ವರ್ಕರ್ ಕ್ಯೂ ಮುಂದೆ ಕಾಯ್ತಾನೇ ಇರ್ಬೇಕು, ಇವೆಲ್ಲ 24 ಗಂಟೆನೂ ಎಚ್ಚರ ಇರೋ ಜಾತಿ. ಯಾರೋ ಫೋಟೋ ಅಪ್‌ಲೋಡ್ ಮಾಡಿದಾಗ ಮಾತ್ರ ಸೈಜ್ ಚಿಕ್ಕದು ಮಾಡೋದು, ಪೇಮೆಂಟ್ ವೆಬ್‌ಹುಕ್ (ದುಡ್ಡು ಬಂತು ಅಂತ ಅವ್ರೇ ನಿಮ್ಮ ಯುಆರ್‌ಎಲ್‌ಗೆ ಕಳಿಸೋ ಸುದ್ದಿ) ಬಂದಾಗ ಮಾತ್ರ ರಸೀದಿ ಕಳಿಸೋದು ಇವೆಲ್ಲ ಕರೆದಾಗ ಎದ್ರೆ ಸಾಕು. ಅಡಿಕೆ ರೇಟ್ ಸ್ಕ್ರಿಪ್ಟ್ ತರದ್ದು ಗಡಿಯಾರ ನೋಡ್ಕೊಂಡು ಎದ್ದು, ಕೆಲ್ಸ ಮುಗ್ಸಿ ಮಲಗೋದು. ಈ ಮೂರನೇದಕ್ಕೆ ತಿಂಗಳೆಲ್ಲಾ ಸರ್ವರ್ ಓಡ್ಸಿ ಒಳಗೆ ವೈಲ್ ಟ್ರೂ ಹಾಕಿ ಸ್ಲೀಪ್ 86400 (ಒಂದು ದಿನದ ಸೆಕೆಂಡು) ಬರ್ಯೋರು ಬೇಕಾದಷ್ಟು ಜನ ಇದಾರೆ. ದುಡ್ಡೂ ದಂಡ, ಜೊತೆಗೆ ರೀಸ್ಟಾರ್ಟ್ ಆದ ಪ್ರತಿಸಲ ಆ ಗಡಿಯಾರ ಸೊನ್ನೆಯಿಂದ ಶುರು.

ಇನ್ನೊಂದು ವಿಷ್ಯ: ಬಾಟ್ ಅಂದ ಮಾತ್ರಕ್ಕೆ 24 ಗಂಟೆ ಜಾತಿ ಆಗ್ಬೇಕಿಲ್ಲ. ಟೆಲಿಗ್ರಾಮನ್ನ ಪೋಲಿಂಗ್ ಬಿಟ್ಟು ವೆಬ್‌ಹುಕ್ ಮಾಡಿದ್ರೆ ಮೆಸೇಜ್ ಬಂದಾಗ ಅವ್ರೇ ನಿಮ್ಮ ಯುಆರ್‌ಎಲ್ ಬಡೀತಾರೆ, ಆಗ ಮಲಗೋ ಸರ್ವೀಸೂ ನಡಿಯತ್ತೆ, ಮೊದಲ ಉತ್ತರ ಸ್ವಲ್ಪ ತಡ ಆಗತ್ತೆ ಅಷ್ಟೆ.

ವಿಪಿಎಸ್ ತಗೊಂಡು ಸಿಸ್ಟಮ್‌ಡಿ

ವಿಪಿಎಸ್ ಅಂದ್ರೆ ಬಾಡಿಗೆಗೆ ಸಿಗೋ ವರ್ಚುವಲ್ ಲಿನಕ್ಸ್ ಮಷೀನ್, ಸಿಸ್ಟಮ್‌ಡಿ ಅಂದ್ರೆ ಅದ್ರಲ್ಲಿ ಪ್ರೋಗ್ರಾಂ ಶುರು ಮಾಡಿ, ಬಿದ್ರೆ ಮತ್ತೆ ಎಬ್ಬಿಸೋ ಮೇಲ್ವಿಚಾರಕ. ಲಿನಕ್ಸ್ ಟರ್ಮಿನಲ್ ಕಂಡ್ರೆ ಭಯ ಇಲ್ಲ ಅನ್ನೋರಿಗೆ ನನ್ನ ಮೊದಲ ಸಲಹೆ ಈಗ್ಲೂ ಇದೇ. ತಿಂಗಳಿಗೆ 4ರಿಂದ 6 ಡಾಲರ್ ಕೊಟ್ರೆ ಒಂದು ಪುಟ್ಟ ಮಷೀನ್ ಸಿಗತ್ತೆ, ಅದ್ರಲ್ಲಿ ಒಂದಲ್ಲ, ನಾಕೈದು ಸಣ್ಣ ವರ್ಕರ್ ಓಡಿಸ್ಬೋದು, ಮಿಕ್ಕ ಪ್ಲಾಟ್‌ಫಾರ್ಮ್‌ಗಳಲ್ಲಿ ಪ್ರತಿ ವರ್ಕರಿಗೂ ಬೇರೆ ಮೀಟರ್. ಡಿಜಿಟಲ್ ಓಶನ್ನಿಗೆ ಬೆಂಗಳೂರಲ್ಲೇ ಬಿಎಲ್‌ಆರ್1 ಅಂತ ಡೇಟಾ ಸೆಂಟರ್ ಇದೆ, ಅದು ಯಾಕೆ ಮುಖ್ಯ ಅಂತ ಕೆಳಗೆ ಹೇಳ್ತೀನಿ.

ಇಲ್ಲಿ ಜನ ಎಡವೋದು ನೋಹಪ್ ಅಥವಾ ಸ್ಕ್ರೀನ್ ಅಥವಾ ಟೀಮಕ್ಸ್ (ಟರ್ಮಿನಲ್ ಮುಚ್ಚಿದ್ರೂ ಪ್ರೋಗ್ರಾಂ ಓಡ್ಸೋ ಟೂಲ್‌ಗಳು) ಒಳಗೆ ಸ್ಕ್ರಿಪ್ಟ್ ಬಿಟ್ಟು ಬರೋದ್ರಲ್ಲಿ. ಕರ್ನಲ್ ಅಪ್‌ಡೇಟಿಗೆ ಅಂತ ಮಷೀನ್ ಒಂದ್ಸಲ ರೀಬೂಟ್ ಆದ್ರೆ ಮುಗೀತು, ಯಾರೂ ಮತ್ತೆ ಎಬ್ಬಿಸಲ್ಲ. ಸಿಸ್ಟಮ್‌ಡಿ ಯೂನಿಟ್ ಫೈಲ್ ಬರ್ಯೋಕೆ ಹತ್ತು ನಿಮಿಷ ಸಾಕು. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗಿರೋ ಪೈಥಾನಿನ ಪೂರ್ತಿ ಪಾತ್ ಕೊಡಿ, ಸುಮ್ನೆ ಪೈಥಾನ್ ಅಂತ ಬರ್ದ್ರೆ ನಿಮ್ಮ ಲೈಬ್ರರಿ ಯಾವುದೂ ಸಿಗಲ್ಲ. ವರ್ಕಿಂಗ್ ಡೈರೆಕ್ಟರಿ ಕೊಡಿ, ಟೋಕನ್ನು ಪಾಸ್‌ವರ್ಡು ಎಲ್ಲಾ ಎನ್ವಿರಾನ್‌ಮೆಂಟ್‌ಫೈಲಲ್ಲಿ ಇಡಿ, ಯೂಸರ್ ಅನ್ನೋ ಸಾಲಲ್ಲಿ ರೂಟ್ ಅಲ್ದೆ ಬೇರೆ ಯೂಸರ್ ಹಾಕಿ.

ಆಮೇಲೆ ರೀಸ್ಟಾರ್ಟ್ ಸಾಲು. ಆಲ್ವೇಸ್ ಅಂತ ಕೊಟ್ರೆ ಎಷ್ಟು ಸಲ ಬಿದ್ರೂ ಎಬ್ಬಿಸತ್ತೆ ಅಂತ ನಂಬ್ಕೊಂಡಿರ್ತಾರೆ, ಪೂರ್ತಿ ನಿಜ ಅಲ್ಲ. ಎರಡು ಸಲದ ನಡುವೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ ರೀಸ್ಟಾರ್ಟ್‌ಸೆಕ್ ಡೀಫಾಲ್ಟಾಗಿ ಬರೀ 100 ಮಿಲಿಸೆಕೆಂಡ್, ಅದೇ ಹೊತ್ತಿಗೆ 10 ಸೆಕೆಂಡ್ ಒಳಗೆ 5 ಸಲಕ್ಕಿಂತ ಜಾಸ್ತಿ ಶುರು ಮಾಡೋಕೆ ಬಿಡಲ್ಲ ಅನ್ನೋ ಇನ್ನೊಂದು ರೂಲೂ ಡೀಫಾಲ್ಟಾಗಿದೆ. ಅಂದ್ರೆ ರಾತ್ರಿ ಡೇಟಾಬೇಸ್ ಒಂದು ನಿಮಿಷ ಸಿಗ್ಲಿಲ್ಲ, ನಿಮ್ಮ ಸ್ಕ್ರಿಪ್ಟ್ ಎದ್ದ ತಕ್ಷಣ ಸತ್ತು ಸತ್ತು ಎರಡು ಮೂರು ಸೆಕೆಂಡಲ್ಲಿ ಆ ಲಿಮಿಟ್ ಮುಟ್ಟತ್ತೆ, ಸಿಸ್ಟಮ್‌ಡಿ ಫೇಲ್ಡ್ ಅಂತ ಬರ್ದು ಕೈ ಬಿಡತ್ತೆ, ಡೇಟಾಬೇಸ್ ವಾಪಸ್ ಬಂದ್ರೂ ನಿಮ್ದು ಏಳಲ್ಲ. ರೀಸ್ಟಾರ್ಟ್‌ಸೆಕ್ 10 ಅಂತ ಕೊಡಿ, ಆ ಲಿಮಿಟ್ ಯಾವತ್ತೂ ಮುಟ್ಟಲ್ಲ. ಫೈಲ್ ಬದಲಾಯ್ಸಿದ ಮೇಲೆ ಡೀಮನ್-ರೀಲೋಡ್ ಮಾಡಿ, ಇನೇಬಲ್ ಮಾಡೋದು ಮರೀಬೇಡಿ, ಸ್ಟಾರ್ಟ್ ಮಾತ್ರ ಮಾಡಿದ್ರೆ ರೀಬೂಟ್ ಆದ್ಮೇಲೆ ಏಳಲ್ಲ.

ಕಷ್ಟ ಎಲ್ಲಿ ಅಂದ್ರೆ ಮಷೀನ್ ನಿಮ್ದು, ಹಾಗಾಗಿ ಅದ್ರ ಕೊಳೆನೂ ನಿಮ್ದೇ. ಸೆಕ್ಯುರಿಟಿ ಅಪ್‌ಡೇಟ್, ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದ್ಲು ಕೀ, ಡಿಸ್ಕ್ ತುಂಬ್ತಾ ಇದ್ಯಾ ಅನ್ನೋದು ಎಲ್ಲಾ ನೀವೇ ನೋಡ್ಕೋಬೇಕು. 512 ಎಂಬಿ ಮಷೀನಲ್ಲಿ ಪ್ಯಾಂಡಾಸ್ ತರದ್ದು ಇನ್‌ಸ್ಟಾಲ್ ಮಾಡ್ವಾಗ್ಲೇ ಮೆಮರಿ ಸಾಲ್ದೆ ಸಾಯ್ಬೋದು, ಒಂದು ಜಿಬಿ ಸ್ವಾಪ್ ಫೈಲ್ (ಡಿಸ್ಕನ್ನೇ ಮೆಮರಿ ತರ ಬಳಸೋದು) ಮಾಡಿಟ್ಕೊಳ್ಳಿ. ಗೂಗಲ್ ಕ್ಲೌಡಲ್ಲಿ ಇ2-ಮೈಕ್ರೋ ಅನ್ನೋ ಪುಟ್ಟ ಮಷೀನ್ ಒಂದು ಫ್ರೀ ಇದೆ, ಆದ್ರೆ ಅದು ಅಮೆರಿಕದ ಮೂರು ರೀಜನಲ್ಲಿ ಮಾತ್ರ, ಮುಂಬೈಯಲ್ಲಿ ಎಬ್ಬಿಸಿ ಫ್ರೀ ಅಂದ್ಕೊಂಡ್ರೆ ಬಿಲ್ ಬರತ್ತೆ.

ರೆಂಡರ್, ಹೆರೊಕು, ರೈಲ್ವೆ, ಫ್ಲೈ

ಸರ್ವರ್ ನೋಡ್ಕೊಳೋ ಗೋಜು ಬೇಡ, ಗಿಟ್ ಪುಷ್ ಮಾಡಿದ್ರೆ ಡಿಪ್ಲಾಯ್ ಆಗ್ಬೇಕು ಅನ್ನೋರಿಗೆ ಇವು. ಇದ್ರಲ್ಲಿ ವರ್ಕರ್ ಅನ್ನೋ ಕಲ್ಪನೆನ ಜನಕ್ಕೆ ರೂಢಿ ಮಾಡ್ಸಿದ್ದು ಹೆರೊಕು. ಏನೇನು ಓಡಿಸ್ಬೇಕು ಅಂತ ಹೇಳೋ ಪ್ರಾಕ್‌ಫೈಲಲ್ಲಿ ವೆಬ್ ಅಂತ ಒಂದು ಸಾಲು, ವರ್ಕರ್ ಅಂತ ಇನ್ನೊಂದು ಸಾಲು, ಅಷ್ಟೆ. 2022ರ ನವೆಂಬರ್ 28ಕ್ಕೆ ಅವ್ರ ಫ್ರೀ ಡೈನೊ ನಿಂತೋಯ್ತು, ಆಗ ತುಂಬಾ ಬಾಟ್‌ಗಳು ಮನೆ ಕಳ್ಕೊಂಡ್ವು. ಈಗ 5 ಡಾಲರಿನ ಇಕೋ ಪ್ಲಾನ್ ತಗೊಂಡ್ರೆ ತಿಂಗಳಿಗೆ 1000 ಗಂಟೆ ಕೊಡ್ತಾರೆ, 31 ದಿನದ ತಿಂಗಳಿಗೆ 744 ಗಂಟೆ, ಹಾಗಾಗಿ ಒಂದು ವರ್ಕರ್ ಹಗಲೂ ರಾತ್ರಿ ಓಡಿಸ್ಬೋದು. ಒಂದು ಸೂಕ್ಷ್ಮ ಇದೆ: ಅದೇ ಆಪಲ್ಲಿ ಇಕೋ ವೆಬ್ ಡೈನೊ ಇದ್ರೆ 30 ನಿಮಿಷ ಯಾರೂ ಬರ್ದೆ ಅದು ಮಲಗ್ವಾಗ ವರ್ಕರನ್ನೂ ಮಲಗ್ಸತ್ತೆ, ಬರೀ ವರ್ಕರ್ ಇರೋ ಆಪ್ ಮಲಗಲ್ಲ. ಹಾಗಾಗಿ ವರ್ಕರಿಗೆ ಬೇರೆ ಆಪ್ ಮಾಡಿ, ವೆಬ್ ಸಾಲನ್ನ ಸೊನ್ನೆಗೆ ಸ್ಕೇಲ್ ಮಾಡಿ. ಮತ್ತೆ ಹೆರೊಕು ಡೈನೊ ದಿನಕ್ಕೆ ಒಂದ್ಸಲ ತಾನೇ ರೀಸ್ಟಾರ್ಟ್ ಆಗತ್ತೆ, ಡಿಸ್ಕಲ್ಲಿ ಬರ್ದಿದ್ದೆಲ್ಲ ಹೋಗತ್ತೆ, ಎಸ್‌ಕ್ಯುಲೈಟ್ ಡೇಟಾಬೇಸ್ ಫೈಲ್ ಇಟ್ಕೊಂಡಿದ್ರೆ ಮಾರನೇ ದಿನ ಖಾಲಿ.

ರೆಂಡರಲ್ಲಿ ಬ್ಯಾಕ್‌ಗ್ರೌಂಡ್ ವರ್ಕರ್ ಅಂತಾನೇ ಬೇರೆ ಟೈಪ್ ಇದೆ, ಪೋರ್ಟ್ ಕೇಳಲ್ಲ, ಯುಆರ್‌ಎಲ್ ಕೊಡಲ್ಲ. ಅದಕ್ಕೆ ಫ್ರೀ ಪ್ಲಾನ್ ಇಲ್ಲ, 512 ಎಂಬಿಗೆ 7 ಡಾಲರಿಂದ ಶುರು. ಗಡಿಯಾರದ ಕೆಲ್ಸಕ್ಕೆ ಅವ್ರ ಕ್ರಾನ್ ಜಾಬ್ ತಿಂಗಳಿಗೆ ಕನಿಷ್ಠ 1 ಡಾಲರ್, ಅಡಿಕೆ ರೇಟ್ ಸ್ಕ್ರಿಪ್ಟಿಗೆ ಇದು ಹೇಳಿ ಮಾಡ್ಸಿದಂಗಿದೆ. ಸರ್ವರ್ ಅಂದ್ರೆ ಏನು ಅಂತ ಈಗಷ್ಟೇ ಕಲೀತಿರೋರಿಗೆ ಈ ಗುಂಪಲ್ಲಿ ರೆಂಡರೇ ಸಲೀಸು ಅನ್ಸತ್ತೆ ನನಗೆ. ರೈಲ್ವೆ ಅದಕ್ಕಿಂತ್ಲೂ ಚಂದ ಕಾಣತ್ತೆ, 5 ಡಾಲರಿನ ಹಾಬಿ ಪ್ಲಾನಲ್ಲಿ 5 ಡಾಲರಿನಷ್ಟು ಬಳಕೆ ಸೇರಿರತ್ತೆ, ಬಳಸಿದಷ್ಟಕ್ಕೆ ಮೀಟರ್, ಸುಮ್ನೆ ಕೂತಿರೋ ಸಣ್ಣ ಬಾಟಿಗೆ ಅದು ಲಾಭ, ಮೆಮರಿ ತಿನ್ನೋ ವರ್ಕರಿಗೆ ನಷ್ಟ.

ಫ್ಲೈ ನನಗೆ ಇಷ್ಟ, ಮುಂಬೈ ರೀಜನ್ ಇದೆ, ಆದ್ರೆ ಅದು ಲಾಂಚ್ ಕಮಾಂಡಿಂದ ತಾನೇ ಬರ್ದು ಕೊಡೋ ಕಾನ್ಫಿಗ್ ಫೈಲ್ ವೆಬ್‌ಸೈಟ್ ಅಂದ್ಕೊಂಡೇ ಬರ್ದಿರತ್ತೆ. ಅದ್ರಲ್ಲಿ ಎಚ್‌ಟಿಟಿಪಿ ಸರ್ವೀಸ್ ಅನ್ನೋ ಭಾಗ ಇರತ್ತೆ, ಅದ್ರೊಳಗೆ ಟ್ರಾಫಿಕ್ ಇಲ್ದಿದ್ರೆ ಮಷೀನ್ ನಿಲ್ಸು, ಕನಿಷ್ಠ ಮಷೀನ್ ಸೊನ್ನೆ ಅಂತ ಬರ್ದಿರತ್ತೆ. ಆ ಭಾಗನೇ ಪೂರ್ತಿ ಕಿತ್ತಾಕಿ, ಪ್ರೊಸೆಸಸ್ ಅನ್ನೋ ಭಾಗದಲ್ಲಿ ವರ್ಕರ್ ಕಮಾಂಡ್ ಕೊಡಿ. ಲಭ್ಯತೆಗೆ ಅಂತ ಎರಡು ಮಷೀನ್ ಎಬ್ಬಿಸಿದ್ಯಾ ನೋಡಿ, ಇದ್ರೆ ಸ್ಕೇಲ್ ಕೌಂಟ್ 1 ಮಾಡಿ.

ಕ್ಲೌಡ್ ರನ್

ಇದು ಕಂಟೇನರ್ (ಪ್ರೋಗ್ರಾಂ, ಅದ್ರ ಲೈಬ್ರರಿ ಎಲ್ಲಾ ಸೇರ್ಸಿದ ಪೊಟ್ಟಣ) ಓಡ್ಸೋ ಗೂಗಲ್ಲಿನ ಸರ್ವೀಸ್, ಅರ್ಥ ಆಗ್ದೆ ಬಳಸಿದ್ರೆ ಅತಿ ಹೆಚ್ಚು ಗೊಂದಲ ಮಾಡೋದು. ಮಾಮೂಲಿ ಕ್ಲೌಡ್ ರನ್ ಸರ್ವೀಸಲ್ಲಿ ರಿಕ್ವೆಸ್ಟ್ ನಡೀತಿರೋವಾಗ ಮಾತ್ರ ಸಿಪಿಯು ಕೊಡ್ತಾರೆ. ನೀವು ರಿಕ್ವೆಸ್ಟ್ ತಗೊಂಡು, ಸರಿ ಮಾಡ್ತೀನಿ ಅಂತ ತಕ್ಷಣ ಉತ್ತರ ಕೊಟ್ಟು, ಕೆಲ್ಸನ ಹಿಂದೆ ಓಡೋ ಒಂದು ಥ್ರೆಡ್ಡಿಗೆ ಬಿಟ್ರೆ ಉತ್ತರ ಹೋದ ಕ್ಷಣದಿಂದ ಆ ಥ್ರೆಡ್ಡಿಗೆ ಸಿಪಿಯು ಸಿಗದೆ ತೆವಳತ್ತೆ, ಮತ್ತೊಂದು ರಿಕ್ವೆಸ್ಟ್ ಬಂದಾಗ ಅಲ್ಲಿಂದ ಮುಂದುವರಿಯತ್ತೆ, ಲಾಗ್ ನೋಡಿದ್ರೆ ಎರಡು ಸಾಲಿನ ಮಧ್ಯೆ ನಲವತ್ತು ನಿಮಿಷ ಗ್ಯಾಪ್. ಲೋಕಲ್ಲಲ್ಲಿ ಎಂದೂ ಆಗದ ಕಾಟ ಇದು. ಬಿಲ್ಲಿಂಗನ್ನ ಇನ್‌ಸ್ಟೆನ್ಸ್ ಆಧಾರಿತ ಅಂತ ಬದಲಾಯ್ಸಿ, ಮಿನಿಮಮ್ ಇನ್‌ಸ್ಟೆನ್ಸ್ 1 ಕೊಟ್ರೆ ಸರಿ ಹೋಗತ್ತೆ, ಆದ್ರೆ ಆಗ ಬಿಲ್ ವಿಪಿಎಸ್ಸಿಗಿಂತ ಮೇಲೆ ಹೋಗತ್ತೆ, ಜೊತೆಗೆ ಪೋರ್ಟ್ ತೆಗೀಲೇಬೇಕು ಅನ್ನೋ ನಿಯಮ ಹಾಗೇ ಇರತ್ತೆ.

ಕ್ಲೌಡ್ ರನ್ನಿನ ನಿಜವಾದ ಒಳ್ಳೇ ಭಾಗ ಜಾಬ್ಸ್. ಪೋರ್ಟ್ ಬೇಡ, ಕಂಟೇನರ್ ಎದ್ದು ಕೆಲ್ಸ ಮುಗ್ಸಿ ಎಕ್ಸಿಟ್ ಕೋಡ್ ಸೊನ್ನೆ (ಎಲ್ಲಾ ಸರಿ ಆಯ್ತು ಅಂತ) ಕೊಟ್ಟು ಹೋದ್ರೆ ಆಯ್ತು, ಕ್ಲೌಡ್ ಶೆಡ್ಯೂಲರ್ ಜೊತೆ ಜೋಡ್ಸಿದ್ರೆ ಗಡಿಯಾರದ ಕೆಲ್ಸಕ್ಕೆ ಅದ್ಭುತ, ಓಡಿದ ಹೊತ್ತಿಗೆ ಮಾತ್ರ ದುಡ್ಡು. ಡೀಫಾಲ್ಟ್ ಟೈಮ್‌ಔಟ್ 10 ನಿಮಿಷ, ಜಾಸ್ತಿ ಬೇಕಾದ್ರೆ ಏರಿಸ್ಕೊಳ್ಳಿ. ಫೇಲ್ ಆದ್ರೆ ಡೀಫಾಲ್ಟಾಗಿ 3 ಸಲ ಮತ್ತೆ ಓಡ್ಸತ್ತೆ, ಅದು ಒಳ್ಳೇದೇ, ಆದ್ರೆ ನಿಮ್ಮ ಸ್ಕ್ರಿಪ್ಟ್ 200 ಜನಕ್ಕೆ ಮೇಲ್ ಕಳಿಸ್ತಾ 150ನೇದ್ರಲ್ಲಿ ಬಿದ್ರೆ ಮೊದಲ 149 ಜನಕ್ಕೆ ಮತ್ತೆ ಮೇಲ್ ಹೋಗತ್ತೆ. ಯಾರಿಗೆ ಕಳ್ಸಾಯ್ತು ಅನ್ನೋದನ್ನ ಡೇಟಾಬೇಸಲ್ಲಿ ಗುರುತು ಹಾಕ್ಕೊಳೋ ತನಕ ರೀಟ್ರೈ ಸೊನ್ನೆ ಇಡಿ. 2025ರಲ್ಲಿ ವರ್ಕರ್ ಪೂಲ್ ಅಂತ ಮೂರನೇ ನಮೂನೆನೂ ತಂದ್ರು, ಕ್ಯೂ ಮುಂದೆ ಕೂರೋ ವರ್ಕರಿಗೆ ಅಂತಾನೇ, ಪೋರ್ಟಿನ ಗೊಡವೆ ಇಲ್ಲ. ಕಂಪನಿ ಆಗ್ಲೇ ಗೂಗಲ್ ಕ್ಲೌಡಲ್ಲಿದ್ರೆ ನೋಡಿ.

ಲ್ಯಾಂಬ್ಡಾ

ಇದು ಅಮೆಜಾನಿನದ್ದು, ಕರೆದಾಗ ಮಾತ್ರ ನಿಮ್ಮ ಫಂಕ್ಷನ್ ಓಡ್ಸತ್ತೆ, ಕರೆದಾಗ ಏಳೋ ಜಾತಿಗೆ ಇದೇ ರಾಜ. ತಿಂಗಳಿಗೆ 10 ಲಕ್ಷ ರಿಕ್ವೆಸ್ಟ್, 4 ಲಕ್ಷ ಜಿಬಿ-ಸೆಕೆಂಡ್ (ಒಂದು ಜಿಬಿ ಮೆಮರಿನ ಒಂದು ಸೆಕೆಂಡ್ ಬಳಸಿದ್ರೆ ಒಂದು) ಫ್ರೀ, ಸಣ್ಣ ಕೆಲ್ಸಗಳಿಗೆ ಬಿಲ್ಲೇ ಬರಲ್ಲ. ಗೋಡೆ ಅಂದ್ರೆ 15 ನಿಮಿಷ, ಒಂದು ಸೆಕೆಂಡೂ ಜಾಸ್ತಿ ಇಲ್ಲ. ವೀಡಿಯೋ ಕನ್ವರ್ಟ್ ಮಾಡೋದು, ದೊಡ್ಡ ಸ್ಕ್ರೇಪಿಂಗ್ ಇವು ಮೊದಲ ವಾರ 6 ನಿಮಿಷಕ್ಕೆ ಮುಗೀತಿದ್ದು ಡೇಟಾ ಬೆಳೆದ ಮೇಲೆ ಒಂದಿನ ಈ ಗೋಡೆಗೆ ಗುದ್ದತ್ತೆ. ಕ್ಲೌಡ್ ರನ್ನಿನ ಥ್ರೆಡ್ ಕಥೆ ಇಲ್ಲೂ ಇದೆ, ಹ್ಯಾಂಡ್ಲರ್ (ಲ್ಯಾಂಬ್ಡಾ ಕರೆಯೋ ನಿಮ್ಮ ಫಂಕ್ಷನ್) ರಿಟರ್ನ್ ಆದ್ಮೇಲೆ ಎಲ್ಲಾ ಫ್ರೀಜ್.

ಎಸ್‌ಕ್ಯುಎಸ್ (ಅಮೆಜಾನಿನ ಕ್ಯೂ) ಜೊತೆ ಕಟ್ಟೋದಾದ್ರೆ ಒಂದು ಮಾತು. ಕ್ಯೂನ ವಿಸಿಬಿಲಿಟಿ ಟೈಮ್‌ಔಟ್, ಅಂದ್ರೆ ಒಬ್ಬ ಎತ್ಕೊಂಡ ಮೆಸೇಜ್ ಬೇರೆಯವ್ರಿಗೆ ಕಾಣದೇ ಇರೋ ಹೊತ್ತು, ಡೀಫಾಲ್ಟಾಗಿ 30 ಸೆಕೆಂಡ್. ಫಂಕ್ಷನ್ ಟೈಮ್‌ಔಟಿನ ಕನಿಷ್ಠ 6 ಪಟ್ಟು ಇಡಿ ಅಂತ ಅಮೆಜಾನ್ನೇ ಹೇಳತ್ತೆ. ಇದು ಕಮ್ಮಿ ಇದ್ರೆ ಒಬ್ಬ ವರ್ಕರ್ ಇನ್ನೂ ಕೆಲ್ಸ ಮಾಡ್ತಿರೋವಾಗ್ಲೇ ಅದೇ ಮೆಸೇಜ್ ಇನ್ನೊಬ್ಬನ ಕೈಗೆ ಸಿಗತ್ತೆ, ಗ್ರಾಹಕನಿಗೆ ಎರಡು ರಸೀದಿ. ಮತ್ತೆ ಡೆಡ್ ಲೆಟರ್ ಕ್ಯೂ (ಪದೇ ಪದೇ ಫೇಲಾದ ಮೆಸೇಜ್ ಎತ್ತಿಡೋ ಜಾಗ) ಇಡ್ದೆ ಬಿಟ್ರೆ ಹಾಳಾದ ಒಂದೇ ಮೆಸೇಜ್ ಡೀಫಾಲ್ಟ್ ಲೆಕ್ಕದಲ್ಲಿ 4 ದಿನ ಸುತ್ತು ಹೊಡೀತಿರತ್ತೆ.

ಅಮೆಜಾನಲ್ಲಿ 24 ಗಂಟೆ ಓಡೋದಕ್ಕೆ ಫಾರ್ಗೇಟ್ ಅನ್ನೋ ಕಂಟೇನರ್ ಸರ್ವೀಸ್ ಇದೆ, ಚೆನ್ನಾಗಿದೆ, ಆದ್ರೆ ಟ್ಯುಟೋರಿಯಲ್ ನೋಡ್ಕೊಂಡು ಪ್ರೈವೇಟ್ ಸಬ್‌ನೆಟ್ಟಲ್ಲಿ (ಇಂಟರ್ನೆಟ್ಟಿಗೆ ನೇರ ದಾರಿ ಇಲ್ಲದ ಜಾಗ) ಇಟ್ಟು, ಹೊರಗೆ ಹೋಗೋಕೆ ಅಂತ ನ್ಯಾಟ್ ಗೇಟ್‌ವೇ ಹಾಕಿದ್ರೆ ಆ ಗೇಟ್‌ವೇ ಒಂದಕ್ಕೇ ತಿಂಗಳಿಗೆ 30 ಡಾಲರ್ ಮೇಲೆ, ಒಳಗಿರೋ ವರ್ಕರಿಗಿಂತ ಅದೇ ದುಬಾರಿ. ಪಬ್ಲಿಕ್ ಐಪಿ ಕೊಡೋಣ ಅಂದ್ರೆ 2024ರ ಫೆಬ್ರವರಿಯಿಂದ ಅದಕ್ಕೂ ಗಂಟೆಗೆ ಅರ್ಧ ಸೆಂಟ್. ಕುಬರ್ನೆಟಿಸ್ (ರಾಶಿ ಕಂಟೇನರ್ ನೋಡ್ಕೊಳೋ ವ್ಯವಸ್ಥೆ) ಬಗ್ಗೆ ಕೇಳ್ಬೇಡಿ, ಒಂದು ವರ್ಕರಿಗೆ ಅದು ಬೇಡ.

ಗಿಟ್‌ಹಬ್ ಆಕ್ಷನ್ಸ್

ಫ್ರೀಯಾಗಿ ಕ್ರಾನ್ (ಗಡಿಯಾರ ನೋಡ್ಕೊಂಡು ಓಡ್ಸೋದು) ಬೇಕು ಅನ್ನೋರು ಇದನ್ನೇ ಹಿಡೀತಾರೆ, ತಪ್ಪಿಲ್ಲ. 5 ನಿಮಿಷಕ್ಕಿಂತ ಹತ್ರ ಹತ್ರ ಓಡ್ಸೋಕಾಗಲ್ಲ, ಲೋಡ್ ಇದ್ದಾಗ ತಡ ಆಗತ್ತೆ, ಮತ್ತೆ ಪಬ್ಲಿಕ್ ರೆಪೊಲಿ 60 ದಿನ ಯಾವ ಚಟುವಟಿಕೆನೂ ಇಲ್ದಿದ್ರೆ ಶೆಡ್ಯೂಲ್‌ನೇ ಆಫ್ ಮಾಡ್ಬಿಡ್ತಾರೆ. ಸಮಯ ಮಾಮೂಲಾಗಿ ಯುಟಿಸಿ ಲೆಕ್ಕ, ನಮ್ಮ ಬೆಳಿಗ್ಗೆ 9ಕ್ಕೆ ಓಡ್ಬೇಕು ಅಂದ್ರೆ 3:30 ಅಂತ ಬರೀಬೇಕು. ಈ ಐದೂವರೆ ಗಂಟೆ ಲೆಕ್ಕ ಬೇರೆ ಕ್ಲೌಡ್‌ಗಳಲ್ಲೂ ನೆನಪಿರ್ಲಿ, ಸರ್ವರ್‌ಗಳು ಬಹುತೇಕ ಯುಟಿಸಿಲೇ ಇರ್ತವೆ.

ಎಲ್ಲಿ ಹಾಕಿದ್ರೂ ಕಾಡೋ ವಿಷ್ಯಗಳು

ನಿಲ್ಸೋದು ಹೇಗೆ ಅನ್ನೋದು ಶುರು ಮಾಡೋದಕ್ಕಿಂತ ಮುಖ್ಯ. ಡಿಪ್ಲಾಯ್ ಆದಾಗ ಪ್ಲಾಟ್‌ಫಾರ್ಮ್ ಮೊದ್ಲು ಸಿಗ್‌ಟರ್ಮ್ (ಕೆಲ್ಸ ಮುಗ್ಸು ಅನ್ನೋ ಸಿಗ್ನಲ್) ಕಳಿಸಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಸಿಗ್‌ಕಿಲ್ (ಕೇಳ್ದೆ ಸಾಯ್ಸೋ ಸಿಗ್ನಲ್) ಕೊಡತ್ತೆ. ಆ ಸ್ವಲ್ಪ ಹೊತ್ತು ಎಷ್ಟು ಅನ್ನೋದ್ರಲ್ಲೇ ವ್ಯತ್ಯಾಸ. ಸಿಸ್ಟಮ್‌ಡಿ 90 ಸೆಕೆಂಡ್, ಹೆರೊಕು 30, ರೆಂಡರ್ 30 ಆದ್ರೆ 300ರ ತನಕ ಏರಿಸ್ಬೋದು, ಫಾರ್ಗೇಟ್ 30ರಿಂದ 120ರ ತನಕ, ಕ್ಲೌಡ್ ರನ್ 10, ಫ್ಲೈ ಡೀಫಾಲ್ಟಾಗಿ ಬರೀ 5, ಅದೂ ಸಿಗ್‌ಟರ್ಮ್ ಬದ್ಲು ಸಿಗ್‌ಇಂಟ್ (ಕಂಟ್ರೋಲ್-ಸಿ ಒತ್ತಿದಂಗೆ) ಕಳಿಸತ್ತೆ. ನಿಮ್ಮ ಒಂದು ಕೆಲ್ಸ ಮುಗಿಯೋಕೆ ಎರಡು ನಿಮಿಷ ಬೇಕಿದ್ರೆ ಈ ಒಂದು ಅಂಕಿನೇ ನಿಮ್ಮ ಆಯ್ಕೆ ನಿರ್ಧಾರ ಮಾಡ್ಬೋದು. ಡಾಕರ್‌ಫೈಲಲ್ಲಿ (ಕಂಟೇನರ್ ಹೇಗೆ ಕಟ್ಟೋದು ಅಂತ ಹೇಳೋ ಫೈಲ್) ಕಮಾಂಡನ್ನ ಚೌಕ ಬ್ರಾಕೆಟ್ ಒಳಗೆ ಲಿಸ್ಟ್ ತರ ಕೊಡಿ, ಸುಮ್ನೆ ಒಂದು ಸಾಲಾಗಿ ಬರ್ದ್ರೆ ಮಧ್ಯೆ ಒಂದು ಶೆಲ್ ಕೂತು ಸಿಗ್ನಲನ್ನ ನಿಮ್ಮ ಪ್ರೋಗ್ರಾಮಿಗೆ ದಾಟ್ಸದೇ ಇರ್ಬೋದು.

ಎರಡು ಪ್ರತಿ ಓಡೋದು ಇನ್ನೊಂದು. ಹೊಸದು ಎದ್ದ ಮೇಲೆ ಹಳೇದನ್ನ ನಿಲ್ಸೋ ಡಿಪ್ಲಾಯ್ ವೆಬ್‌ಸೈಟಿಗೆ ವರ, ಪೋಲಿಂಗ್ ಬಾಟಿಗೆ ಶಾಪ. ಎರಡೂ ಒಂದೇ ಟೋಕನಲ್ಲಿ ಕೇಳಿದ್ರೆ ಟೆಲಿಗ್ರಾಮ್ 409 ಕಾನ್‌ಫ್ಲಿಕ್ಟ್ ಕೊಡತ್ತೆ. ಡಿಪ್ಲಾಯ್ ಟೈಮಲ್ಲಿ ಕೆಲವು ಸೆಕೆಂಡ್ ಬಂದ್ರೆ ಬಿಡಿ, ಸದಾ ಬರ್ತಿದ್ರೆ ಎಲ್ಲೋ ಇನ್ನೊಂದು ಪ್ರತಿ ಜೀವಂತ ಇದೆ ಅಂತ, ತುಂಬಾ ಸಲ ಅದು ನಿಮ್ಮ ಲ್ಯಾಪ್‌ಟಾಪಲ್ಲೇ ಇರತ್ತೆ. ಹೊತ್ತಿಗೆ ಸರಿಯಾಗಿ ಕೆಲ್ಸನ ಕ್ಯೂಗೆ ಹಾಕೋ ಸೆಲರಿ ಬೀಟೂ ಅಷ್ಟೇ, ವರ್ಕರ್ ಎಷ್ಟಾದ್ರೂ ಇರ್ಲಿ, ಬೀಟ್ ಒಂದೇ.

ಲಾಗೇ ಬರ್ತಿಲ್ಲ ಅಂದ್ರೆ ಪೈಥಾನ್ ಪ್ರಿಂಟನ್ನ ಬಫರಲ್ಲಿ ಹಿಡ್ಕೊಂಡು ಕೂತಿದೆ, ಪೈಥಾನ್‌ಅನ್‌ಬಫರ್ಡ್ ವೇರಿಯಬಲ್‌ಗೆ 1 ಕೊಡಿ. ಎಕ್ಸಿಟ್ ಕೋಡ್ 137 ಕಂಡ್ರೆ ಯಾರೋ ಸಿಗ್‌ಕಿಲ್ ಕೊಟ್ಟಿದಾರೆ, ಮೊದ್ಲು ಮೆಮರಿ ಮೇಲೆ ಅನುಮಾನ ಪಡಿ.

ರೀಜನ್ ವಿಚಾರ. ಕೆಲವು ಭಾರತದ ಸರ್ಕಾರಿ ಸೈಟುಗಳು ಹೊರದೇಶದ ಐಪಿಯಿಂದ ತೆರ್ಯೋದೇ ಇಲ್ಲ. ಮನೇಲಿ ಓಡಿದ ಸ್ಕ್ರಿಪ್ಟ್ ರೆಂಡರಲ್ಲಿ ಟೈಮ್‌ಔಟ್ ಆಗ್ತಿದ್ರೆ ಕೋಡ್ ಬಿಟ್ಟು ಇದನ್ನ ನೋಡಿ, ರೆಂಡರಿಗೆ ನಮಗೆ ಹತ್ರ ಅಂದ್ರೆ ಸಿಂಗಾಪುರ, ಹೆರೊಕು ಮಾಮೂಲಿ ಪ್ಲಾನಲ್ಲಿ ಅಮೆರಿಕ ಇಲ್ಲಾ ಯುರೋಪ್. ಇಂಥ ಕೆಲ್ಸಕ್ಕೆ ಬೆಂಗಳೂರಿನ ವಿಪಿಎಸ್, ಫ್ಲೈ ಮುಂಬೈ, ಅಮೆಜಾನಿನ ಮುಂಬೈ ಅಥವಾ ಹೈದ್ರಾಬಾದ್, ಗೂಗಲ್ಲಿನ ಮುಂಬೈ ಅಥವಾ ದೆಹಲಿ, ಇಂಥವು ದಾರಿ. ಇಂಥ ಸೈಟ್ ಮುಟ್ಟದ ಬಾಟಿಗೆ ದೇಶ ಯಾವುದಾದ್ರೂ ಆಗತ್ತೆ.

ದುಡ್ಡು ಕಟ್ಟೋದ್ರಲ್ಲೂ ಒಂದು ತೊಡಕಿದೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಬಂದ್ಮೇಲೆ ಕಾರ್ಡಿಂದ ತಾನಾಗೇ ದುಡ್ಡು ಕಟ್ ಆಗೋದು ವಿದೇಶಿ ಕಂಪನಿಗಳಿಗೆ ಕೆಲವು ಸಲ ಫೇಲ್ ಆಗತ್ತೆ, ದುಡ್ಡು ಬರ್ಲಿಲ್ಲ ಅಂತ ಅವ್ರು ಸರ್ವೀಸ್ ನಿಲ್ಲಿಸ್ತಾರೆ, ನೀವು ಕೋಡಲ್ಲಿ ಬಗ್ ಹುಡುಕ್ತಿರ್ತೀರ. ಮುಂಗಡ ಕ್ರೆಡಿಟ್ ಹಾಕೋಕೆ ಬಿಡೋ ಕಂಪನಿ ಆದ್ರೆ ಮೂರು ತಿಂಗಳದ್ದು ಹಾಕಿಟ್ಬಿಡಿ. ತೋರ್ಸಿರೋ ಬೆಲೆ ಮೇಲೆ 18% ಜಿಎಸ್‌ಟಿ, ಬ್ಯಾಂಕಿನ ಫಾರೆಕ್ಸ್ ಚಾರ್ಜು ಸೇರ್ಸಿ ಲೆಕ್ಕ ಹಾಕಿ.

ಹಾಗಾದ್ರೆ ಯಾವುದು?

ಬಾಟ್ ಅಥವಾ ಕ್ಯೂ ವರ್ಕರ್, ಲಿನಕ್ಸ್ ಬರತ್ತೆ, ಒಂದಕ್ಕಿಂತ ಜಾಸ್ತಿ ಪ್ರಾಜೆಕ್ಟ್ ಇದೆ: ವಿಪಿಎಸ್. ಲಿನಕ್ಸ್ ಬರಲ್ಲ ಅಥವಾ ಪುರುಸೊತ್ತಿಲ್ಲ: ರೆಂಡರ್ ವರ್ಕರ್, ಭಾರತದ ಐಪಿ ಬೇಕಿದ್ರೆ ಫ್ಲೈ. ದಿನಕ್ಕೊಂದು ಸಲದ ಕೆಲ್ಸ: ತಡ ಆದ್ರೆ ನಡಿಯತ್ತೆ ಅಂದ್ರೆ ಗಿಟ್‌ಹಬ್, ಆಗಲ್ಲ ಅಂದ್ರೆ ಕ್ಲೌಡ್ ರನ್ ಜಾಬ್ ಇಲ್ಲಾ ರೆಂಡರ್ ಕ್ರಾನ್. ಕರೆದಾಗ ಏಳೋದು, 15 ನಿಮಿಷದೊಳಗೆ ಆರಾಮಾಗಿ ಮುಗಿಯೋದು: ಲ್ಯಾಂಬ್ಡಾ. ಬೆಲೆಗಳು ಬದಲಾಗ್ತಿರ್ತವೆ, ಕಾರ್ಡ್ ಹಾಕೋ ಮುಂಚೆ ಅವ್ರ ಪೇಜ್ ಒಮ್ಮೆ ನೋಡಿ.

ಹಾಕಿ ಆದ್ಮೇಲೆ ಅಲ್ಲಿಗೇ ಬಿಡಬೇಡಿ. ವೆಬ್‌ಸೈಟ್ ಬಿದ್ರೆ ಯಾರಾದ್ರೂ ಫೋನ್ ಮಾಡ್ತಾರೆ, ವರ್ಕರ್ ಬಿದ್ರೆ ವಾರ ಕಳೆದ್ರೂ ಗೊತ್ತಾಗಲ್ಲ. ಹೆಲ್ತ್‌ಚೆಕ್ಸ್ ಡಾಟ್ ಐಒ ತರದ ಸರ್ವೀಸಲ್ಲಿ ಒಂದು ಯುಆರ್‌ಎಲ್ ಮಾಡ್ಕೊಂಡು, ಕೆಲ್ಸ ಮುಗಿದ ಕೊನೇ ಸಾಲಲ್ಲಿ ಅದನ್ನ ಪಿಂಗ್ ಮಾಡ್ಸಿ, ಹೊತ್ತಿಗೆ ಸರಿಯಾಗಿ ಪಿಂಗ್ ಬರ್ಲಿಲ್ಲ ಅಂದ್ರೆ ಅವ್ರು ನಿಮಗೆ ಮೇಲ್ ಹಾಕ್ತಾರೆ. ಪಿಂಗನ್ನ ಸ್ಕ್ರಿಪ್ಟಿನ ಶುರುವಲ್ಲಿ ಇಡ್ಬೇಡಿ, ಎದ್ದು ಅರ್ಧಕ್ಕೆ ಬಿದ್ದಿದ್ದು ತಿಳಿಯಲ್ಲ, ಟ್ರೈ-ಎಕ್ಸೆಪ್ಟ್ ಹೊರಗೂ ಇಡ್ಬೇಡಿ, ಎರರ್ ಬಂದ್ರೂ ಪಿಂಗ್ ಹೋಗತ್ತೆ. ದಿನಕ್ಕೊಂದು ಸಲದ ಕೆಲ್ಸಕ್ಕೆ ಗ್ರೇಸ್ ಟೈಮ್ (ಪಿಂಗ್ ತಡ ಆದ್ರೂ ಕಾಯೋ ಹೊತ್ತು) ಒಂದು ಗಂಟೆ ಸಾಕು, ಗಿಟ್‌ಹಬ್ಬಲ್ಲಿ ಓಡ್ಸ್ತಿದ್ರೆ ಎರಡು ಮೂರು ಗಂಟೆ ಕೊಡಿ.